ವೈನಿಯ ಕೂದಲು ಆರುವ ತನಕ

ಸೇಡಂ ರಸ್ತೆಯ ಕಡೆ ನಾನು ಬಾಡಿಗೆಗಿರುವ ಮನೆಯ ಯಜಮಾನರ ಮಗಳಿಗೆ ಅವಳ ಸೋದರಮಾವ ಮುಂಬಯಿಯಿಂದ ಒಂದು ಯಂತ್ರ ತಂದುಕೊಟ್ಟಿದ್ದಾರೆ. ಕೂದಲು ಒಣಗಿಸುವ ಯಂತ್ರ. ನೋಡಲು ಹಿಡಿಕೆ ಹಚ್ಚಿದ ಸಣ್ಣ ಕಹಳೆಯಂತಿದೆ. ಗುಂಡಿ ಒತ್ತಿದರೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿ ಬಿಸಿಗಾಳಿ ಉಗುಳುತ್ತದೆ. ಅದರ ಡಬ್ಬಿಯ ಮೇಲೆ ನಗುವ ಹೆಣ್ಣೊಬ್ಬಳ ಚಿತ್ರವಿದೆ, ಅವಳ ಕೂದಲು ಹೆಗಲ ಮೇಲೆ ನುಣ್ಣಗೆ ಪುಟಿದು ನಿಂತಿದೆ. ಮನೆಯಲ್ಲೇ ಕೂತು ಹಾಗೆ ಮಾಡಿಕೊಳ್ಳಬೇಕೆಂದು ಹುಡುಗಿಯ ಆಸೆ. ಕಳೆದ ರವಿವಾರ ಒದ್ದೆ ತಲೆಯಲ್ಲೇ ಬಂದು ನನ್ನ ಕೋಣೆಯ ಬಾಗಿಲಲ್ಲಿ ನಿಂತಳು.

"ಅಕ್ಕೋರ, ಜರಾ ಇದನ್ನ ಹಿಡೀರಲ್ಲ. ಹಿಂದಿನ ಕೂದಲಿಗೆ ನನ್ನ ಕೈ ಮುಟ್ಟವಲ್ದು."

ನಾನು ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು, ಅದಕ್ಕೇ ಎಲ್ಲರಿಗೂ ಅಕ್ಕೋರು. ಯಾರ ತಲೆ ಮುಟ್ಟುವ ಸಲುಗೆಯನ್ನೂ ಇಟ್ಟುಕೊಂಡವಳಲ್ಲ. ಆದರೂ ಹಿಡಿದೆ. ಬಿಸಿಗಾಳಿ ತಾಕಿದ್ದೇ ಒದ್ದೆ ಕೂದಲಿಂದ ಒಂದು ವಾಸನೆ ಎದ್ದಿತು. ಸೀಗೆಕಾಯಿ, ಬೆಚ್ಚಗಿನ ನೀರು, ಅವೆರಡರ ಕೆಳಗೆ ಮನುಷ್ಯರ ನೆತ್ತಿಗೆ ಮಾತ್ರ ಇರುವ ಒಂದು ಎಳೆಯ ಕಮಟು... ನನ್ನ ಎಡಗೈ ತಾನಾಗಿ ಅವಳ ಕೂದಲನ್ನು ಕತ್ತಿನ ಹತ್ತಿರ ಎತ್ತಿ ಹಿಡಿಯಿತು. ಬಲಗೈ ಗಾಳಿಯನ್ನು ಬುಡದಿಂದ ತುದಿಗೆ ಇಳಿಸತೊಡಗಿತು.

"ಎಲ್ಲಿ ಕಲ್ತೀರಿ? ಪಳಗಿದ ಕೈ ಅದ ನಿಮ್ದು!"

"ಎಲ್ಲೂ ಇಲ್ಲ," ಎಂದೆ.

ಅವಳ ಕೂದಲು ಬಹಳ ಬೇಗ ಆರಿತು. ನಾನು ಕಲಿತ ಕಡೆ ಅದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕಾಗುತ್ತಿತ್ತು.

ನಾನು ಚಿಕ್ಕವಳಿದ್ದಾಗ ನಾವು ಇದೇ ಕಲಬುರ್ಗಿಯ ಹಳೆಯ ಊರಲ್ಲಿದ್ದೆವು. ಒಂದು ಅಂಗಳ, ಅದಕ್ಕೆ ಮುಖ ಮಾಡಿದ ಎರಡು ಮನೆ. ಒಂದರಲ್ಲಿ ಅವ್ವ, ಅಪ್ಪ, ನಾನು. ಇನ್ನೊಂದರಲ್ಲಿ ಒಬ್ಬ ವಿಧವೆ ಮುದುಕಿ, ಅವಳ ಒಬ್ಬನೇ ಮಗ, ಮಗನ ಹೆಂಡತಿ. ಮುದುಕಿಯನ್ನು ಆಯಿ ಎನ್ನುತ್ತಿದ್ದೆ. ಮಗನನ್ನು ಅಣ್ಣ ಎನ್ನುತ್ತಿದ್ದುದರಿಂದ ಅವನ ಹೆಂಡತಿ ನನಗೆ ವೈನಿ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುವುದು. ರಕ್ತಸಂಬಂಧ ಏನೂ ಇರಲಿಲ್ಲ, ಅಂಗಳದ ಸಂಬಂಧ ಅಷ್ಟೇ.

ವೈನಿಯ ಕೂದಲು ದಟ್ಟವಾಗಿತ್ತು. ಮಣೆಯ ಮೇಲೆ ಕೂತರೆ ತುದಿ ನೆಲ ಮುಟ್ಟುತ್ತಿತ್ತು. ಮೊದಲು ಓಣಿಯ ಹೆಂಗಸರೆಲ್ಲ ತಲೆ ಎರೆದುಕೊಂಡ ದಿನ ಮಾಳಿಗೆ ಹತ್ತಿ ಬಿಸಿಲಿಗೆ ಬೆನ್ನು ಕೊಟ್ಟು ಕೂಡುತ್ತಿದ್ದರು. ರಜಾಕಾರರ ಹಾವಳಿ ಹೆಚ್ಚಿದ ಆ ವರ್ಷ ಯಾರೂ ಮಾಳಿಗೆ ಹತ್ತಲಿಲ್ಲ. ಬಿಚ್ಚಿದ ಕೂದಲಲ್ಲಿ ಹೊರಗಿನವರ ಕಣ್ಣಿಗೆ ಬೀಳುವುದು ಬೇಡವೆಂದು ಎಲ್ಲರೂ ಒಳಗೇ ಒಣಗಿಸಿಕೊಳ್ಳತೊಡಗಿದರು. ವೈನಿ ನಡುಮನೆಯಲ್ಲಿ ಕೆಂಡದ ಶೇಗಡಿ ಇಟ್ಟು, ಅದರ ಮೇಲೆ ಬಿದಿರಿನ ಬುಟ್ಟಿಯನ್ನು ಬೋರಲು ಹಾಕಿ, ಕೆಂಡಕ್ಕೆ ಚಿಟಿಕೆ ಲೋಬಾನ ಉದುರಿಸುತ್ತಿದ್ದರು. ಬುಟ್ಟಿಯ ಮೇಲೆ ಕೂದಲು ಹರಡಿಕೊಂಡರೆ ಹೆಣಿಗೆಯ ಸಂದಿನಿಂದ ಬಿಸಿ ಮತ್ತು ಹೊಗೆ ಒಟ್ಟಿಗೇ ಬರುತ್ತಿದ್ದವು.

ನನ್ನ ಕೂದಲು ಒರಟು, ಸಿಕ್ಕು. ಬಾಚಲು ಕೂತರೆ ಅವ್ವನ ತಾಳ್ಮೆ ತೀರುತ್ತಿತ್ತು. ಹಾಗಾಗಿ ನನ್ನ ತಲೆಯೂ ವೈನಿಯ ಪಾಲಿಗೆ ಬಂತು. ಅವರಿಗೆ ಅದರಲ್ಲೊಂದು ಕ್ರಮವಿತ್ತು. ಎರೆದಾದ ಮೇಲೆ ಕೂದಲನ್ನು ಉಜ್ಜುತ್ತಿರಲಿಲ್ಲ, ಹಿಂಡುತ್ತಿರಲಿಲ್ಲ. ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಮೆಲ್ಲಗೆ ಒತ್ತಿ ನೀರು ಹೀರಿಸುತ್ತಿದ್ದರು. ಬಾಚಣಿಗೆ ಮುಟ್ಟಿಸದೆ ಬೆರಳಿನಲ್ಲೇ ಎಳೆ ಬಿಡಿಸುತ್ತಿದ್ದರು. ಆಮೇಲೆ ನನ್ನ ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಖದ ಮುಂದಕ್ಕೆ ಹಾಕಿ, ಕತ್ತಿನ ಹಿಂಭಾಗದಿಂದ ಬೀಸಣಿಕೆ ಬೀಸುತ್ತಿದ್ದರು. ಮೊದಲು ಬುಡ ಒಣಗಬೇಕು, ಆಮೇಲೆ ನಡು, ಕೊನೆಗೆ ತುದಿ. ಬೀಸುವಾಗ ಇನ್ನೊಂದು ಕೈಯ ಬೆರಳುಗಳು ಬುಡವನ್ನು ಎತ್ತುತ್ತಲೇ ಇರಬೇಕು, ಇಲ್ಲದಿದ್ದರೆ ಕೂದಲು ನೆತ್ತಿಗೆ ಅಂಟಿ ಒಣಗುತ್ತದೆ, ಜೀವ ಬರುವುದಿಲ್ಲ.

"ತುದಿಯಿಂದ ಬುಡಕ್ಕ ಬೀಸಿದ್ರ ಕೂದಲ ಸಿಟ್ಟಾಗ್ತಾವ," ಎನ್ನುತ್ತಿದ್ದರು. "ಬುಡದಿಂದ ತುದಿಗೆ ಸಮಾಧಾನ ಮಾಡ್ಕೋತ ಬರಬೇಕು, ಸಣ್ಣಾಕಿ."

ಸಣ್ಣಾಕಿ ಎಂದರೆ ನಾನು. ಮುಕ್ಕಾಲು ಆರಿದಾಗ ಶೇಗಡಿಯನ್ನು ಆಚೆ ಸರಿಸಿ, ಬರೀ ತಣ್ಣನೆ ಗಾಳಿ ಬೀಸಿ ಮುಗಿಸುತ್ತಿದ್ದರು. ಹೊಳಪು ಬರುವುದು ಆ ಕೊನೆಯ ತಂಪಿನಿಂದಲೇ ಎಂದು ಅವರ ನಂಬಿಕೆ. ನಾನು ತಲೆ ಎತ್ತಿದಾಗ ಕೂದಲು ಹೆಗಲ ಮೇಲೆ ಹಗುರಾಗಿ ಬಿದ್ದು ಒಮ್ಮೆ ಎದ್ದು ಕೂಡುತ್ತಿತ್ತು. ಆಯಿ ಮೂಲೆಯಲ್ಲಿ ಕೂತು ನಗುತ್ತಿದ್ದಳು.

"ನಿಮ್ಮಿಬ್ಬರ ಕೂದಲ ಆರೂದ್ರಾಗ ಹಿಂಗಾರಿ ಜ್ವಾಳ ರಾಶಿ ಆಗ್ತಾವ ನೋಡು."

ಅಣ್ಣ ಬೇಳೆ ಗಿರಣಿಯಲ್ಲಿ ತೂಕದ ಕೆಲಸಕ್ಕಿದ್ದ. ಮಾತು ಕಡಿಮೆ. ಸಂಜೆ ಬಂದು ಕಾಲು ತೊಳೆದುಕೊಂಡ ಮೇಲೆ ಲೋಬಾನದ ವಾಸನೆ ಹಿಡಿದು "ಇವತ್ತು ಹೊಗಿಬಂಡಿ ಬಂದಿತ್ತೇನ ಮನ್ಯಾಗ?" ಎಂದು ಕೇಳುತ್ತಿದ್ದ. ನನಗೆ ನೆನಪಿರುವ ಅವನ ತಮಾಷೆ ಅದೊಂದೇ. ಅವನು ಇನ್ನೂ ಏನೇನು ಕೆಲಸ ಮಾಡುತ್ತಿದ್ದನೋ, ಯಾರಿಗೆ ಏನು ಒಯ್ದು ಕೊಡುತ್ತಿದ್ದನೋ, ಆಗ ಮಕ್ಕಳಿಗೆ ಯಾರೂ ಹೇಳುತ್ತಿರಲಿಲ್ಲ. ಮಳೆಗಾಲದ ಒಂದು ಬೆಳಿಗ್ಗೆ ಅವನು ಹೋದ. ವೈನಿ ಬಚ್ಚಲಲ್ಲಿ ತಲೆ ಎರೆದುಕೊಳ್ಳುತ್ತಿದ್ದರು. ಹೊರಗೆ ಬಂದಾಗ ಅವನಿರಲಿಲ್ಲ. ಸರಹದ್ದು ದಾಟಿ ಸೊಲ್ಲಾಪುರದ ಕಡೆ ಹೋಗಿದ್ದಾನೆ, ಗದ್ದಲ ಇಳಿದ ಮೇಲೆ ಬರುತ್ತಾನೆ ಎಂದು ಆಯಿ ಹೇಳಿದಳು.

ಪೊಲೀಸ್ ಕಾರ್ಯಾಚರಣೆ ಆಯಿತು. ಫೌಜು ಬಂತು. ಸರಹದ್ದಿನಾಚೆ ಹೋಗಿದ್ದ ಗಂಡಸರು ಒಬ್ಬೊಬ್ಬರಾಗಿ ಗಡ್ಡ ಬೆಳೆಸಿಕೊಂಡು ತಿರುಗಿ ಬಂದರು. ಆ ಬೆಳಿಗ್ಗೆ ಅಣ್ಣನನ್ನು ಪರದೆ ಕಟ್ಟಿದ ಟಾಂಗಾದಲ್ಲಿ, ಹೆಂಗಸರಂತೆ ಕೂರಿಸಿ ರೈಲು ಸ್ಟೇಷನ್ನಿಗೆ ಮುಟ್ಟಿಸಿದವರು ಓಣಿಯ ಕೊನೆಯ ಮನೆಯ ಮುಸಲ್ಮಾನ ಸಾಹೇಬರು. ಫೌಜು ಬಂದ ಮೇಲಿನ ಗಲಾಟೆಯಲ್ಲಿ ಅವರ ಮನೆಗೂ ಬೀಗ ಬಿತ್ತು. ಅವರು ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯಲಿಲ್ಲ. ಕೇಳೋಣವೆಂದರೆ ಕೊನೆಗೆ ಅಣ್ಣನನ್ನು ನೋಡಿದ ಮನುಷ್ಯನೂ ಇಲ್ಲ...

ಹಿಂಗಾರಿ ಬಿತ್ತಿದ್ದು, ಬೆಳೆದದ್ದು, ರಾಶಿ ಆದದ್ದು ಎಲ್ಲ ಮುಗಿಯಿತು. ಅಣ್ಣ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ.

ವೈನಿಯ ಆ ವರ್ಷ ಹೇಗಿತ್ತೆಂದು ನನಗೆ ಒಂದು ದೃಶ್ಯದಿಂದ ಗೊತ್ತು. ನಮ್ಮ ಮನೆಯಲ್ಲಿ ಹೆಂಗಸರು ಸೇರಿದ್ದರು. ಕುಂಕುಮದ ಬಟ್ಟಲು ಹಿಡಿದು ಒಬ್ಬಾಕೆ ಸಾಲಾಗಿ ಹಚ್ಚುತ್ತಾ ಬಂದಳು. ವೈನಿಯ ಮುಂದೆ ಅವಳ ಕೈ ನಿಂತಿತು. ಬಹಳ ಹೊತ್ತಲ್ಲ, ಉಸಿರು ತೆಗೆದುಕೊಳ್ಳುವಷ್ಟು. ಆಮೇಲೆ ಹಚ್ಚಿದಳು. ಆ ನಿಂತ ಕೈಯನ್ನು ಎಲ್ಲರೂ ನೋಡಿದ್ದರು. ಮುಂದಿನ ಸಲ ಕರೆದಾಗ ವೈನಿ "ತೆಲಿ ನೋಯಾಕತ್ತದ" ಎಂದು ಒಳಗೇ ಉಳಿದರು. ಆಮೇಲೆ ಓಣಿಯವರೂ ಅವರನ್ನು ಕರೆಯುವುದನ್ನು ಮೆಲ್ಲಗೆ ಮರೆತರು. ಮುತ್ತೈದೆಯೂ ಅಲ್ಲದ, ವಿಧವೆಯೂ ಅಲ್ಲದ ಹೆಣ್ಣನ್ನು ಎಲ್ಲಿ ಕೂರಿಸಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಬದಲಾವಣೆಯನ್ನೂ ಕಂಡೆ. ತಲೆ ಎರೆದುಕೊಳ್ಳುವ ಮುಂಚೆ ವೈನಿ ನಮ್ಮ ಬಾಗಿಲಿಗೆ ಬಂದು, "ಇವತ್ತ ಯಾರರ ಊರಿಗೆ ಹೊಂಟಾರೇನ್ರಿ?" ಎಂದು ಕೇಳುತ್ತಿದ್ದರು. ಅಪ್ಪ ಕೆಲಸದ ಮೇಲೆ ಹೊರಟಿದ್ದರೆ ಅವತ್ತು ಎರೆದುಕೊಳ್ಳುತ್ತಿರಲಿಲ್ಲ, ಮುಂದಕ್ಕೆ ಹಾಕುತ್ತಿದ್ದರು. ಮನೆಯಿಂದ ಒಬ್ಬರು ಪ್ರಯಾಣ ಹೊರಟ ಮೇಲೆ ಉಳಿದವರು ತಲೆಗೆ ನೀರು ಹಾಕಿಕೊಳ್ಳಬಾರದು. ಸತ್ತವರನ್ನು ಕಳಿಸಿ ಬಂದವರು ಹಾಕಿಕೊಳ್ಳುವ ನೀರು ಅದು. ಇದು ಎಲ್ಲರಿಗೂ ಗೊತ್ತಿದ್ದ ಮಾತು, ಎಲ್ಲರೂ ಅಷ್ಟಿಷ್ಟು ಪಾಲಿಸುತ್ತಿದ್ದ ಮಾತು. ವೈನಿ ಮಾತ್ರ ಯಾಕೆ ಇಷ್ಟು ಹೆದರುತ್ತಾರೆಂದು ನನಗೆ ಹೊಳೆಯಲಿಲ್ಲ.

ಬೇಸಿಗೆ ಮುಗಿಯುತ್ತಿದ್ದಾಗ ಆಯಿ ಒಂದು ದಿನ ಬಂದು ಅವ್ವನ ಎದುರು ಕೂತಳು.

"ಕಮಲಾಪುರದಾಗ ಒಬ್ಬರದಾರ. ಬಾಳಿ ತೋಟ ಅದ. ಹೆಂಡ್ತಿ ತೀರ್ಕೊಂಡಾಳ. ಹುಡುಗೀನ ಉಡಿಕಿ ಮಾಡಿ ಕೊಡಬೇಕಂತ ಮಾಡೀನಿ."

ಹುಡುಗಿ ಎಂದರೆ ವೈನಿ. ಉಡಿಕಿ ಎಂದರೆ ನಮ್ಮಲ್ಲಿ ಗಂಡನಿಲ್ಲದವಳಿಗೆ ಮಾಡುವ ಎರಡನೆಯ ಮದುವೆ. ಬಾಜಾ ಇಲ್ಲ, ಅಕ್ಕಿಕಾಳಿಲ್ಲ. ಹೊಸ ಸೀರೆ ಉಡಿಸಿ ಕಳಿಸುವುದು, ಅಷ್ಟೇ. ಆದರೆ ಅದಕ್ಕೆ ಮೊದಲು ಅವಳ ಗಂಡ ಸತ್ತಿರಬೇಕು. ಇಲ್ಲಿ ಸತ್ತನೆಂದು ಹೇಳಬೇಕಾದವಳು ಅವನ ತಾಯಿ.

ಅವ್ವ ಕೇಳಿದಳು: "ಅವ ತಿರುಗಿ ಬಂದ್ರ?"

"ಬಂದ್ರ ನನ್ನ ಬಡೀಲಿ," ಎಂದಳು ಆಯಿ. "ನಾ ಇನ್ನೆಷ್ಟ ದಿನಾ ಇರ್ತೀನಿ? ನಾ ಹ್ವಾದ ಮ್ಯಾಲೆ ಈ ಹುಡುಗಿ ಒಬ್ಬಾಕಿನೇ ಕೂತು ಯಾರ ಹಾದಿ ಕಾಯಬೇಕು?"

ವೈನಿ ಒಪ್ಪಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಬೇಡ ಎಂದದ್ದನ್ನು ಕೇಳಲಿಲ್ಲ, ಹೂಂ ಎಂದದ್ದನ್ನೂ ಕೇಳಲಿಲ್ಲ. ಬಾವಿಯ ಹತ್ತಿರ ಒಮ್ಮೆ ಮಾತ್ರ, ಕೊಡ ತುಂಬಿದ ಮೇಲೂ ಹಗ್ಗ ಹಿಡಿದು ನಿಂತು, "ನಾ ಸೀರಿ ಉಟ್ಟ ದಿನಾನ ಅವರು ಸತ್ತಂಗ ಆಗ್ತದ ನೋಡು ಸಣ್ಣಾಕಿ" ಎಂದಿದ್ದರು.

ಗೊತ್ತು ಮಾಡಿದ ದಿನ ಅವ್ವ ಬೆಳಗಿನಿಂದ ನಮ್ಮ ಬಾಗಿಲು ಮುಚ್ಚಿಕೊಂಡಳು. ಉಡಿಕಿಯ ಹೆಣ್ಣಿನ ಮುಖವನ್ನು ಅವತ್ತು ಮುತ್ತೈದೆಯರು ನೋಡುವುದಿಲ್ಲ, ಅವಳನ್ನು ಮುಟ್ಟುವುದಿಲ್ಲ. ಓಣಿಯ ಒಬ್ಬ ಹೆಂಗಸೂ ಹೊರಗೆ ಕಾಣಿಸಲಿಲ್ಲ. ಸೀಗೆಕಾಯಿ ಪುಡಿಯನ್ನೂ ಲೋಬಾನವನ್ನೂ ಅವ್ವ ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು. ಮದುವೆಯಾಗದ ಹುಡುಗಿಗೆ ದೋಷವಿಲ್ಲ, ನೀನು ಹೋಗು ಎಂದಳು. ಆಮೇಲೆ ಒಳಗಿಂದ ಪಾತ್ರೆ ತಿಕ್ಕುವ ಸದ್ದು ಕೇಳುತ್ತಲೇ ಇತ್ತು. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದಳು.

ಆಯಿ ವೈನಿಗೆ ಎರೆದಳು. ಅವಳ ಮುದಿ ಕೈಗೆ ಬೀಸಣಿಕೆ ಹಿಡಿಯುವ ಶಕ್ತಿ ಇರಲಿಲ್ಲ, ಹಾಗಾಗಿ ನಾನು ಹಿಡಿದೆ. ನಾನೊಬ್ಬಳೇ ಅವರ ತಲೆ ಆರಿಸಿದ್ದು ಅದೇ ಮೊದಲು. ಅವರು ಬುಟ್ಟಿಯ ಮುಂದೆ ಕೂತು ಕೂದಲು ಮುಂದಕ್ಕೆ ಹಾಕಿಕೊಂಡರು. ಅವರ ಮುಖ ನನಗೆ ಕಾಣಲಿಲ್ಲ, ಬಾಗಿದ ಕತ್ತು ಕಾಣುತ್ತಿತ್ತು, ಕತ್ತಿನಲ್ಲಿ ತಾಳಿಯ ದಾರ. ಹೊಸ ಸೀರೆ ಉಡಿಸುವ ಮೊದಲು ಅದನ್ನು ಅತ್ತೆಯೇ ತೆಗೆಯಬೇಕಿತ್ತು. ತಲೆ ಆರಿದ ಮೇಲೆ ತೆಗೆಯುವುದು, ಸೀರೆ ಉಡಿಸುವುದು, ದೀಪ ಹಚ್ಚುವುದರೊಳಗೆ ಕಳಿಸುವುದು ಎಂದು ಮಾತಾಗಿತ್ತು.

ನಾನು ಕಲಿತ ಹಾಗೆಯೇ ಬೀಸಿದೆ. ಬುಡ ಎತ್ತಿ, ಬುಡದಿಂದ ತುದಿಗೆ. ಹೊರಗಿನ ಕಟ್ಟೆಯ ಮೇಲೆ ಕಮಲಾಪುರದಿಂದ ಬಂದ ಗಂಡಸರು ಕೂತಿದ್ದರು. ಅವರ ಜೊತೆ ಗಂಡಿನ ಅಕ್ಕ, ಅವರೂ ವಿಧವೆ, ಸೀರೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಕೂದಲು ಆರಲಿಲ್ಲ. ನನ್ನ ಬೆರಳಿಗೆ ಬುಡ ಒಣಗಿದ್ದು ತಿಳಿಯುತ್ತಿತ್ತು, ತುದಿಗೆ ಬಂದರೆ ಮತ್ತೆ ನೀರು.

"ಕೂದಲ ಆರಸಾಕತ್ತಾರೋ ಸಂಡಿಗಿ ಆರಸಾಕತ್ತಾರೋ?" ಎಂದರು ಹೊರಗಿನಿಂದ ಆ ಅಕ್ಕ. ಗಂಡಸರು ನಕ್ಕರು.

"ನಿಮ್ಮ ತೋಟದ ಬಾಳಿಗೊನಿ ಒಂದ ದಿನದಾಗ ಹಣ್ಣಾಗ್ತದೇನ?" ಎಂದಳು ಆಯಿ ಒಳಗಿನಿಂದಲೇ. "ಕುಂದರ್ರಿ ಜರಾ."

ಆಗ ನಾನು ನೋಡಿದೆ. ಮುಂದಕ್ಕೆ ಬಿದ್ದ ಕೂದಲಿನ ಮರೆಯಲ್ಲಿ, ವೈನಿಯ ಮೊಣಕಾಲ ಹತ್ತಿರ, ಕುಡಿಯಲು ಇಟ್ಟುಕೊಂಡಿದ್ದ ತಂಬಿಗೆ ಇತ್ತು. ನಾನು ಆಚೆ ಬದಿ ಬೀಸುವಾಗ ಅವರು ಈಚೆಯ ತುದಿಗಳನ್ನು ಅದರಲ್ಲಿ ಅದ್ದುತ್ತಿದ್ದರು.

ನಾನು ಬೀಸುತ್ತಲೇ ಇದ್ದೆ. ಆದರೆ ಆಯಿಯೂ ನೋಡಿದ್ದಳು. ಎದ್ದು ಬಂದು, ಕಷ್ಟಪಟ್ಟು ಕೆಳಗೆ ಕೂತು, ತಂಬಿಗೆಯನ್ನು ತೆಗೆದು ತನ್ನ ಹಿಂದೆ ಇಟ್ಟುಕೊಂಡಳು.

"ಯಾಕ ಯವ್ವಾ?"

ಕೂದಲಿನ ಒಳಗಿನಿಂದ ವೈನಿ ಮಾತಾಡಿದರು. ಅಷ್ಟು ದಿನ ಅವರು ಹೊತ್ತುಕೊಂಡಿದ್ದು ಆಗ ಹೊರಗೆ ಬಂತು. "ನನ್ನ ನೀರಿನಿಂದಾನ ಹಿಂಗಾತು ಅತ್ತಿ. ಅವರು ಹೊಂಟಿದ್ದು ನನಗ ಗೊತ್ತಿದ್ದಿಲ್ಲ. ಸೀಗಿಕಾಯಿ ಉಳದದ ಅಂತ ಇನ್ನೂ ಹಾಕ್ಕೊಂಡೆ. ಅವರು ಹೊಸ್ತಿಲಾ ದಾಟಿದ ಮ್ಯಾಲೂ ನಾ ತೆಲಿಮ್ಯಾಲ ನೀರ ಸುರುವಿಕೊಂಡೀನಿ. ನಾನ ಕಳಕೊಂಡು, ನಾನ ಇನ್ನೊಂದ ಮನಿಗೆ ಹೆಂಗ ಹೋಗ್ಲಿ?"

ಬೀಸಣಿಕೆ ನಿಂತರೆ ಏನಾದೀತೋ ಎಂದು ನಾನು ನಿಲ್ಲಿಸಲಿಲ್ಲ.

"ನಿನ್ನ ನೀರಿನಿಂದ ಅಲ್ಲ," ಎಂದಳು ಆಯಿ. "ನಾನ ಕಳಿಸೀನಿ."

ಆ ಬೆಳಿಗ್ಗೆ ಟಾಂಗಾದ ಸಾಹೇಬರು ಬಂದು, ಚೌಕಿಯಲ್ಲಿ ಅಣ್ಣನ ಹೆಸರು ಕೇಳುತ್ತಿದ್ದಾರೆ, ಈಗಲೇ ಹೊರಡಿಸಿರಿ ಎಂದು ಹೇಳಿದ್ದರಂತೆ. ಅಣ್ಣ ಹೆಂಡತಿಗೆ ಹೇಳಿ ಹೋಗುತ್ತೇನೆಂದು ನಿಂತನಂತೆ.

"ನೀ ಹೊರಗ ಬಂದು ಅತ್ರ ಅವ ಹೋಗ್ತಿದ್ದಿಲ್ಲ. ಅದಕ್ಕ ನೀ ಬಚ್ಚಲದಾಗ ಇದ್ದಾಗನ ಹೊರಡಿಸಿದೆ. ಜೀವ ಉಳೀಲಿ ಅಂತ ಕಳಿಸೀನವ್ವಾ..."

ವೈನಿಯ ಬೆನ್ನು ಅಲುಗಾಡಲಿಲ್ಲ. "ಹೋಗೂಮುಂದ ಏನರ ಅಂದ್ರೇನು?"

"ಏನೂ ಅನಲಿಲ್ಲ. ಬಚ್ಚಲ ಕದದ ಮುಂದ ನಿಂತಿದ್ದ. ನೀರಿನ ಸಪ್ಪಳಾ ಕೇಳಿಕೋತ ನಿಂತಿದ್ದ. ನಾನ ಬೆನ್ನಿಗೆ ಕೈ ಹಚ್ಚಿ ನೂಕಿದೆ."

"ಮೊದಲ ಹೇಳಿದ್ರ..."

"ಹೇಳಿದ್ರ ನನ್ನ ಮಾರಿ ನೋಡ್ತಿದ್ದಿಯೇನು ನೀ?"

ಶೇಗಡಿಯ ಕೆಂಡ ಬೂದಿ ಮುಚ್ಚಿಕೊಂಡಿತ್ತು. ನಾನು ಅದನ್ನು ಆಚೆ ಸರಿಸಿ ಬರೀ ಗಾಳಿ ಬೀಸಿದೆ. ತುದಿಗಳು ಒಣಗುತ್ತಾ ಬಂದವು. ಬೆರಳಿಗೆ ಕೂದಲು ಮೊದಲು ಭಾರವೆನಿಸಿತು, ಆಮೇಲೆ ಬೆಚ್ಚಗೆ, ಆಮೇಲೆ ಏನೂ ತೂಕವಿಲ್ಲದಂತೆ. ಆಮೇಲೆ ವೈನಿ ತಲೆ ಎತ್ತಿದರು. ಮುಖ ಒದ್ದೆಯಾಗಿತ್ತು, ಕೂದಲು ಮಾತ್ರ ಪೂರ್ತಿ ಆರಿತ್ತು. ಮೆತ್ತಗೆ, ನುಣ್ಣಗೆ, ಬುಡದಲ್ಲಿ ಎದ್ದು ನಿಂತಿತ್ತು. ನನ್ನ ಕೈಯಿಂದ ಅಷ್ಟು ಚೆನ್ನಾಗಿ ಆರಿದ ಕೂದಲು ಇನ್ನೊಂದಿಲ್ಲ.

"ಸಾಕು ಸಣ್ಣಾಕಿ. ಆರ್ಯಾವ," ಎಂದರು.

ಆಯಿಯ ಕಡೆ ಬೆನ್ನು ತಿರುಗಿಸಿ ಕೂತರು. ಎರಡೂ ಕೈಗಳಿಂದ ಕೂದಲನ್ನು ಎತ್ತಿ ಹಿಡಿದು, ತಾಳಿಯ ಗಂಟು ಕಾಣುವ ಹಾಗೆ ಕತ್ತು ಬಗ್ಗಿಸಿದರು. ಆಯಿಯ ಕೈಗೆ ಗಂಟು ಬೇಗ ಸಿಗಲಿಲ್ಲ. ಸಿಗುವ ತನಕ ವೈನಿ ಕೈ ಇಳಿಸಲಿಲ್ಲ.

ಕಮಲಾಪುರದವರು ಮಾರುಕಟ್ಟೆಗೆ ಬಾಳೆಗೊನೆ ಹೇರಿಕೊಂಡು ಬಂದಿದ್ದ ಲಾರಿಯಲ್ಲೇ ಅವರನ್ನು ಕರೆದುಕೊಂಡು ಹೋದರು. ವೈನಿ ಕೂದಲನ್ನು ಹೆಣೆಯಲಿಲ್ಲ, ಗಂಟು ಹಾಕಿಕೊಂಡರು. ಹೂ ಮುಡಿಸುವವರು ಯಾರೂ ಇರಲಿಲ್ಲ. ಹೊಸ್ತಿಲಲ್ಲಿ ನನ್ನ ತಲೆ ಮುಟ್ಟಿ, "ಒದ್ದಿ ಇದ್ದಾಗ ಬಾಚಬ್ಯಾಡ" ಎಂದರು. ಕೊನೆಗೆ ನನಗೆ ಹೇಳಿದ್ದು ಅಷ್ಟೇ. ಆ ಮಾತನ್ನು ನಾನು ಮೀರಿಲ್ಲ.

ಉಡಿಕಿಯಾಗಿ ಹೋದವಳು ಹಳೆಯ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಅವರು ಬರಲಿಲ್ಲ, ಆಯಿ ಹೋಗಲಿಲ್ಲ. ಆದರೆ ಕಮಲಾಪುರದ ಕೆಂಬಾಳೆ ಸಂತೆಗೆ ಬಂದಾಗ ಆಯಿ ಮಾರುವವರ ಬುಟ್ಟಿಯ ಮುಂದೆ ನಿಂತು ಯಾರ ತೋಟದ್ದು ಎಂದು ಕೇಳುತ್ತಿದ್ದಳು. ಹಣ್ಣು ಕೊಳ್ಳುತ್ತಿರಲಿಲ್ಲ, ಸುದ್ದಿ ತರುತ್ತಿದ್ದಳು. ವೈನಿಗೆ ಹೆಣ್ಣು ಮಗುವಾಯಿತೆಂಬುದು ಹಾಗೆಯೇ ತಿಳಿಯಿತು. ಅವತ್ತು ಮಾತ್ರ ಒಂದು ಹಣ್ಣು ಕೊಂಡು ತಂದು ನನಗೆ ಕೊಟ್ಟಳು, ತಾನು ತಿನ್ನಲಿಲ್ಲ.

ನಾನು ಓದಲು ಹೈದರಾಬಾದಿಗೆ ಹೋದೆ. ಅಪ್ಪನಿಗೆ ಬೀದರಿಗೆ ವರ್ಗವಾಗಿ ಅವ್ವ ಅಪ್ಪ ಅಲ್ಲಿಗೆ ಹೋದರು. ಕೆಲಸ ಸಿಕ್ಕಿ ನಾನು ಕಲಬುರ್ಗಿಗೆ ತಿರುಗಿ ಬಂದಾಗ ಆ ಅಂಗಳದಲ್ಲಿ ಆಯಿ ಒಬ್ಬಳೇ ಇದ್ದಳು. ರವಿವಾರ ಹೋಗಿ ಕೂತು ಬರುತ್ತಿದ್ದೆ. ನಾವಿಬ್ಬರೂ ಹೆಚ್ಚು ಮಾತಾಡುವವರಲ್ಲ. ಹೋದ ಚಳಿಗಾಲದಲ್ಲಿ ಆಯಿ ತೀರಿಕೊಂಡಳು. ನಾನು ಹತ್ತಿರ ಇದ್ದೆ. ಮಣ್ಣು ಮಾಡಿ ಬಂದವರು ಅವರವರ ಮನೆಗೆ ಹೋದರು. ಯಾರಿಗೆ ಹೇಳಿ ಕಳಿಸಬೇಕು ಎಂದು ಒಬ್ಬರು ಕೇಳಿದರು. ಯಾರೂ ಇಲ್ಲ ಎಂದು ಇನ್ನೊಬ್ಬರು ಉತ್ತರಿಸಿದರು.

ಮರುದಿನ ನಾನು ರಜೆ ಹಾಕಿ ಕಮಲಾಪುರದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ವೈನಿ ಅಂಗಳದಲ್ಲಿ ಬಾಳೆಲೆ ಒರೆಸಿ ಸುರುಳಿ ಸುತ್ತುತ್ತಿದ್ದರು. ಕೂದಲು ಅರ್ಧಕ್ಕಿಂತ ಕಡಿಮೆಯಾಗಿ, ಕತ್ತಿನ ಮೇಲೆ ನಿಂಬೆಹಣ್ಣಿನಷ್ಟು ಗಂಟಾಗಿತ್ತು. ನನ್ನನ್ನು ನೋಡಿದವರು ಮೊದಲು ನನ್ನ ಕೂದಲು ನೋಡಿದರು, ಆಮೇಲೆ ಮುಖ.

"ಸಣ್ಣಾಕಿ?"

ನಾನು ಬಂದ ಕಾರಣ ಹೇಳಿದೆ. ಅವರು ಅಳಲಿಲ್ಲ. ಕೈಯಲ್ಲಿದ್ದ ಸುರುಳಿಯನ್ನು ಕೆಳಗಿಟ್ಟು ಒಳಗೆ ಕೂಗಿದರು. "ಒಲಿಮ್ಯಾಲ ನೀರಿಡವಾ. ತೆಲಿಮ್ಯಾಲ ಹಾಕ್ಕೋಬೇಕು."

ಏಳೆಂಟು ವರ್ಷದ ಹುಡುಗಿ ಬಾಗಿಲಿಗೆ ಬಂದಳು. "ಈ ಹೊತ್ತಿನಾಗ ಯಾಕಬೇ?"

"ನಮ್ಮವ್ವ ತೀರ್ಕೊಂಡಾಳ."

"ನಿಮ್ಮವ್ವ ಹೋಗಿ ಭಾಳ ದಿನಾ ಆತಲ್ಲ?"

"ಇನ್ನೊಬ್ಬಾಕಿ ಇದ್ದಳು," ಎಂದರು ವೈನಿ.

ಬಿಟ್ಟು ಬಂದ ಮನೆಯ ಸಾವಿಗೆ ಅವರು ನೀರು ಹಾಕಿಕೊಳ್ಳಬೇಕೆಂಬ ಕಟ್ಟಳೆ ಯಾವುದೂ ಇರಲಿಲ್ಲ. ಅವರು ಹಾಕಿಕೊಂಡರು. ನಾನು ಕಟ್ಟೆಯ ಮೇಲೆ ಕೂತಿದ್ದೆ. ಬಂದು ನನ್ನ ಎದುರು ಕೂತಾಗ ಮಗಳು ಯಾರೂ ಹೇಳದೆಯೇ ಬೀಸಣಿಕೆ ತಂದು ಅವರ ಬೆನ್ನ ಹಿಂದೆ ನಿಂತಳು. ಬುಡ ಎತ್ತಿ, ಬುಡದಿಂದ ತುದಿಗೆ ಬೀಸತೊಡಗಿದಳು. ನನ್ನ ಕೈಗಳಿಗೆ ಅಲ್ಲಿ ಕೆಲಸವಿರಲಿಲ್ಲ.

"ಕಡೀಕ ಏನರ ಅಂದ್ರೇನು?" ಎಂದು ಕೇಳಿದರು ವೈನಿ, ಮೆಲ್ಲಗೆ. "ಮಗನ್ನ ಕೇಳಿದ್ರೇನು?"

ಆಯಿ ಕೊನೆಯ ದಿನ ಬಾಗಿಲ ಕಡೆಗೇ ನೋಡುತ್ತಿದ್ದಳು. ಅಣ್ಣನನ್ನು ನೆನೆಯುತ್ತಿದ್ದಾಳೆಂದು ಎಲ್ಲರಂತೆ ನಾನೂ ತಿಳಿದಿದ್ದೆ. ಬಗ್ಗಿ ಕಿವಿ ಕೊಟ್ಟಾಗ ಕೇಳಿದ್ದು ಬೇರೆ. ಅದನ್ನು ಹೇಳುವುದೋ ಬಿಡುವುದೋ ಎಂದು ಬಸ್ಸಿನುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಕೇಳಿದ ಮೇಲೆ ಹೇಳಿದೆ.

"ಇಲ್ಲ ವೈನಿ. ನಿಮ್ಮನ್ನ ಕೇಳಿದಳು. ಹುಡುಗಿ ಬಂದ್ಲೇನು ಅಂತ."

ವೈನಿ ಉಳಿದಷ್ಟು ಕೂದಲನ್ನು ಮುಂದಕ್ಕೆ ಹಾಕಿಕೊಂಡು ತಲೆ ಬಗ್ಗಿಸಿದರು. ಮುಖ ಪೂರ್ತಿ ಮುಚ್ಚಿಹೋಯಿತು. ಅವರ ಹೆಗಲು ಅಲುಗುತ್ತಿದ್ದುದು ನನಗೆ ಕಾಣುತ್ತಿತ್ತು. ಹಿಂದೆ ನಿಂತ ಹುಡುಗಿ ತಾಯಿ ಕತ್ತಿನ ಕೂದಲು ಆರಿಸಿಕೊಳ್ಳಲು ಬಾಗಿದ್ದಾಳೆಂದು ತಿಳಿದು, ಇನ್ನೂ ಹತ್ತಿರ ಬಂದು ಜೋರಾಗಿ ಬೀಸಿದಳು. ಆ ಕೂದಲು ಆರಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆದರೂ ಅವರು ಬಹಳ ಹೊತ್ತು ತಲೆ ಎತ್ತಲಿಲ್ಲ...

ಸಂಜೆಯ ಬಸ್ಸಿಗೆ ತಿರುಗಿ ಬಂದೆ. ಇನ್ನೊಮ್ಮೆ ಬಾ ಎಂದು ಅವರೂ ಹೇಳಲಿಲ್ಲ, ಬರುತ್ತೇನೆಂದು ನಾನೂ ಹೇಳಲಿಲ್ಲ. ತೋಟದ ಕಡೆಯಿಂದ ಅವರ ಯಜಮಾನರ ದನಿ ಕೇಳುತ್ತಿತ್ತು. ಅವರ ಮುಂದೆ ನಾನು ಯಾರೆಂದು ಹೇಳಲು ವೈನಿಗೆ ಶಬ್ದ ಸಿಗುತ್ತಿರಲಿಲ್ಲ, ಹುಡುಕಲಿ ಎಂದು ನನಗೂ ಅನಿಸಲಿಲ್ಲ.

ಹಳೆಯ ಊರಿನ ಆ ಅಂಗಳದಲ್ಲಿ ಈಗ ಎರಡೂ ಮನೆಗಳಿಗೆ ಹೊಸ ಬಾಡಿಗೆಯವರು ಬಂದಿದ್ದಾರೆ. ನಾನು ಒಳಗೆ ಹೋಗಿಲ್ಲ. ರವಿವಾರಗಳು ಪೂರ್ತಿ ಖಾಲಿ ಇವೆ. ಕಲಬುರ್ಗಿಯಲ್ಲಿ ನನ್ನನ್ನು ಅಕ್ಕೋರು ಎಂದು ಕರೆಯುವವರು ಬಹಳ ಜನ ಇದ್ದಾರೆ. ಸಣ್ಣಾಕಿ ಎನ್ನುವವರು ಈ ಊರಲ್ಲಿ ಯಾರೂ ಉಳಿದಿಲ್ಲ.